ಸಲ್ಯೂಷನ್ ಒಣಗುವಷ್ಟು ಹೊತ್ತು

ನನ್ನ ತಮ್ಮನ ಬಗ್ಗೆ ಬಾಲನ್ಯಾಯ ಮಂಡಳಿಯವರು ಕಾಗದದಲ್ಲಿ ಬರೆದಿದ್ದು ಇಷ್ಟೇ: ‘ಉದ್ಧಟ. ಪಶ್ಚಾತ್ತಾಪದ ಲಕ್ಷಣವಿಲ್ಲ.’ ಅದನ್ನು ಮೂರು ಸಲ ಓದಿ ಸೋತು, ಕೊನೆಗೆ ನಾನು ಕೆಲಸ ಮಾಡುವ ಟೈರ್ ಅಂಗಡಿಯ ಮಾಲೀಕರ ಕೈಲಿ ಅರ್ಥ ಹೇಳಿಸಿಕೊಂಡೆ. ಏಳನೇ ತರಗತಿಗೇ ಶಾಲೆಗೆ ಕೈಮುಗಿದವನು ನಾನು. ಅರ್ಥ ಗೊತ್ತಾದ ಮೇಲೆ ಕಾಗದವನ್ನು ಮುದುರಿ ಜೇಬಿಗೆ ತುರುಕಿದೆ.

ಹದಿನಾರರ ಹುಡುಗ. ಇಬ್ಬರು ಗೆಳೆಯರ ಜೊತೆ ಹಾಡಹಗಲೇ ಒಂದು ಗೋದಾಮಿಗೆ ನುಗ್ಗಿದ. ಅಲ್ಲಿನ ಮುದಿ ಕಾವಲುಗಾರ ಬಿದ್ದು ಕೈ ಮುರಿದುಕೊಂಡ. ಗೆಳೆಯರು ಪರಾರಿ, ಇವನು ಸಿಕ್ಕಿಬಿದ್ದ. ಬಾಲಕರ ಗೃಹ ಸೇರಿ ಆರು ತಿಂಗಳಾಗಿತ್ತು. ಮಂಡಳಿಯವರು ಏನು ಕೇಳಿದರೂ ಭುಜ ಕುಣಿಸಿ ‘ಹೂಂ’ ಅಂದನಂತೆ. ಅಷ್ಟಕ್ಕೇ ಉದ್ಧಟ! ಅವನು ಹುಟ್ಟಿದಾಗಿನಿಂದ ಹಾಗೇ. ಮನೆಯಲ್ಲಿ ಅವನನ್ನು ಹೂಂರಾಯ ಅಂತಲೇ ಕರೆಯುತ್ತಿದ್ದೆವು. ಅಮ್ಮ ಬೇರೆ, ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂದು ಅವನನ್ನೇ ಹೊಗಳುತ್ತಿದ್ದಳು. ಆಡಿದರೆ ತಾನೇ ಹೋಗೋದು!

ಮರುವಿಚಾರಣೆಗೆ ಮೂರು ವಾರ ಉಳಿದಿತ್ತು. ಮಂಡಳಿ ಒಪ್ಪಿದರೆ ಮನೆಗೆ, ಇಲ್ಲವಾದರೆ ಇನ್ನೊಂದು ವರ್ಷ ಒಳಗೆ. ಆಗಲೇ ಆ ಫೋನ್ ಬಂತು.

“ನಾನು ಗೃಹದಲ್ಲಿ ಮಕ್ಕಳಿಗೆ ಮಾತಿನ ಚಿಕಿತ್ಸೆ ಕೊಡೋಳು. ಗುರುವಾರ ಬರ್ತೀರಾ?”

“ನನ್ನ ತಮ್ಮ ಏನು ಮೂಗನಾ ಮೇಡಂ?”

“ಅಲ್ಲ. ಅದಕ್ಕೇ ಬನ್ನಿ ಅಂದೆ.”

ಗುರುವಾರ ಗೃಹಕ್ಕೆ ಹೋದೆ. ಅವರು ನಮ್ಮನ್ನು ಕೂರಿಸಿದ್ದು ಮೊದಲು ಹಾಸಿಗೆ ತುಂಬಿಡುತ್ತಿದ್ದ ಕೋಣೆಯಂತೆ. ಮೇಜನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರು. ಫ್ಯಾನು ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಮಾತಿನ ಮೇಡಂ ತಮ್ಮನನ್ನು ಏನೇನೋ ಕೇಳುತ್ತಾ ಹೋದರು. ಬೆಳಿಗ್ಗೆ ಏನು ಮಾಡಿದೆ, ನಿನ್ನ ಪಕ್ಕದ ಮಂಚ ಯಾರದ್ದು, ನಿದ್ದೆ ಬರುತ್ತಾ. ಕೇಳುತ್ತಲೇ ಒಂದು ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದರು. ಹತ್ತು ನಿಮಿಷದ ಮೇಲೆ ಹಾಳೆ ನನ್ನ ಕಡೆ ತಿರುಗಿಸಿದರು. ಹತ್ತೊಂಬತ್ತು ಗೀಟು.

“ಏನಿದು?”

“ಅವನನ್ನ ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಟ್ಟಿದ್ದು.”

ತಮ್ಮ ತಲೆ ತಗ್ಗಿಸಿ ನಕ್ಕ. ಕಳ್ಳ ನನ್ಮಗ!

ಆಮೇಲೆ ಅವರು ಬಿಡಿಸಿ ಹೇಳಿದರು. ಪರೀಕ್ಷೆ ಮಾಡಿ ನೋಡಿದ್ದರಂತೆ. ವಾಕ್ಯ ಉದ್ದವಾದರೆ ಅವನ ತಲೆಯಲ್ಲಿ ಅದರ ಬಾಲ ಮಾತ್ರ ಉಳಿಯುತ್ತದೆ. ಹೇಳಬೇಕಾದದ್ದನ್ನು ಒಂದಾದ ಮೇಲೆ ಒಂದರಂತೆ ಜೋಡಿಸಲು ಅವನಿಗೆ ಹೊತ್ತು ಬೇಕು. “ಸೊಕ್ಕಲ್ಲ ಇದು. ಪ್ರಶ್ನೆ ಮುಗೀಲಿ ಅಂತ ಹೂಂ ಅಂತಾನೆ.”

ಎಂಟು ವರ್ಷ ಆ ಹುಡುಗ ಹಿಂದಿನ ಬೆಂಚಿನಲ್ಲಿ ಕೂತಿದ್ದ. ‘ದಡ್ಡ’ ಎಂದು ಬರೆದರು, ‘ಸೋಮಾರಿ’ ಎಂದು ಬರೆದರು, ಒಬ್ಬರೂ ಹೀಗೆ ಗೀಟು ಎಳೆದು ನೋಡಲಿಲ್ಲ. ಯಾರ ಮೇಲೆ ಕೂಗಾಡಬೇಕೋ ತಿಳಿಯದೆ ಎದುರಿಗಿದ್ದ ಮೇಡಂ ಮೇಲೆಯೇ ಕೂಗಾಡಿದೆ. ಅವರು ಕದಲಲಿಲ್ಲ.

“ಮುಗೀತಾ? ಈಗ ಕೆಲಸ ನೋಡೋಣ. ಅವನಿಗೆ ಕಣ್ಣು ಮುಚ್ಚಿ ಮಾಡೋಕೆ ಬರೋ ಕೆಲಸ ಯಾವುದು?”

“ಪಂಕ್ಚರ್.”

“ಸಾಮಾನು ತನ್ನಿ.”

ಮುಂದಿನ ಗುರುವಾರ ಗೇಟಿನ ಪೇದೆ ಉಜ್ಜುವ ಅರವನ್ನು ಎತ್ತಿ ಹಿಡಿದು, “ಇದೇನಪ್ಪಾ, ಆಯುಧನಾ?” ಎಂದ. ಅದು ಅಲ್ಲೇ ಉಳಿಯಿತು. ಮರಳು ಕಾಗದ, ಸೀಮೆಸುಣ್ಣ, ಹಳೇ ಟ್ಯೂಬು, ಪ್ಯಾಚು ಮತ್ತು ಅಂಟಿಸುವ ಸಲ್ಯೂಷನ್ ಒಳಗೆ ಹೋದವು. ತಮ್ಮ ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಮೇಡಂ, “ನಂಗೆ ಏನೂ ಗೊತ್ತಿಲ್ಲ. ಹೇಳ್ಕೊಡು” ಎಂದರು.

“ಮೊದಲು...” ಎಂದು ಅವನು ನಿಂತ.

“ಗಾಳಿ ತುಂಬಿ ನೀರಲ್ಲಿ...” ಎಂದೆ ನಾನು.

ಮೇಡಂ ನನ್ನತ್ತ ನೋಡದೆಯೇ ಒಂದು ಬೆರಳೆತ್ತಿದರು. “ಹತ್ತರವರೆಗೆ ಎಣಿಸಿ. ಮನಸ್ಸಲ್ಲಿ.”

ಎಣಿಸಿದೆ. ಹತ್ತು ಅಷ್ಟು ದೂರ ಇದೆ ಎಂದು ನನಗೆ ಗೊತ್ತಿರಲಿಲ್ಲ. ಎಂಟಕ್ಕೆ ಅವನು ಬಾಯಿ ತೆರೆದ. ಗಾಳಿ, ನೀರು, ಗುಳ್ಳೆ, ಗುರುತು, ಉಜ್ಜುವುದು. ಒಂದೊಂದಕ್ಕೂ ಒಂದೊಂದು ಸಾಮಾನು ಮುಟ್ಟುತ್ತಾ ಹೋದ.

“ಸಲ್ಯೂಷನ್ ಹಚ್ಚಿ... ಕಾಯ್ಬೇಕು. ಹಸಿ ಇದ್ದಾಗ ಪ್ಯಾಚ್ ಹಾಕಿದ್ರೆ ಕಿತ್ಕೊಂಡು ಬರುತ್ತೆ. ಮಧ್ಯೆ ಬೆರಳು ಇಟ್ರೆ ಅಣ್ಣ ಬೈತಾನೆ.”

“ಹೌದಾ?” ಎಂದು ಮೇಡಂ ನನ್ನ ಮುಖ ನೋಡಿದರು. ಅದಕ್ಕಿಂತ ಎರಡೇಟು ಬಿಟ್ಟಿದ್ದರೆ ವಾಸಿಯಿತ್ತು.

ಮೂರನೇ ಗುರುವಾರ ಅದೇ ಸಾಮಾನಿನ ಸಾಲಿಟ್ಟು, ಗೋದಾಮಿನ ಸಂಗತಿಯನ್ನು ಹಾಗೇ ಹೇಳಿಸಿದರು. ನನ್ನನ್ನು ಹೊರಗೆ ಕೂರಿಸಿದರು. ಕೊನೆಗೆ ಒಳಗೆ ಕರೆದಾಗ ಇಬ್ಬರೂ ಒಂದು ವಾಕ್ಯದ ಮೇಲೆ ಹಗ್ಗಜಗ್ಗಾಟ ನಡೆಸಿದ್ದರು: ‘ಅರ್ಥ ಆಗ್ಲಿಲ್ಲ, ಸಣ್ಣದಾಗಿ ಹೇಳಿ.’

“ಇದೊಂದು ನನ್ನ ಕೈಲಾಗಲ್ಲ. ನಗ್ತಾರೆ” ಎಂದ ತಮ್ಮ.

“ನಗ್ಲಿ. ನಕ್ಕು ಮುಗಿಸಿ ಹೇಳ್ತಾರೆ.”

ಅವನು ಹೇಳಲಿಲ್ಲ.

ವಿಚಾರಣೆಯ ದಿನ ಬಾಗಿಲ ಬಳಿ ಅವನ ಕಿವಿಯಲ್ಲಿ ಉಸುರಿದೆ: “ತಳ್ಳಿದ್ದು ಅವರಿಬ್ರು ಅಂದ್ಬಿಡು. ಅಷ್ಟು ಸಾಕು.” ಅವನು ಹೂಂ ಅನ್ನಲಿಲ್ಲ. ಆಗಲೇ ನನಗೆ ಅಳುಕು ಶುರುವಾಯಿತು.

ಮಂಡಳಿಯಲ್ಲಿ ಮೂವರು. ನಡುವೆ ನರೆಗೂದಲಿನ ಅಧ್ಯಕ್ಷೆ. ಸಣ್ಣ ಪ್ರಶ್ನೆ ಕೇಳಿ, ಒಂದೊಂದೇ ಕೇಳಿ, ಕಾಯಿರಿ ಎಂದು ಮೇಡಂ ಮೊದಲೇ ಅರ್ಧ ಪುಟ ಬರೆದು ಕೊಟ್ಟಿದ್ದರು. ಅಧ್ಯಕ್ಷೆ ಅದನ್ನು ಓದಿ ಮಡಚಿಟ್ಟು ಕೇಳಿದರು: “ಆವತ್ತು ಏನಾಯ್ತು?”

ನಾನು ಎಣಿಸತೊಡಗಿದೆ. ಹತ್ತಾಯಿತು. ಒಬ್ಬ ಸದಸ್ಯ ಗಡಿಯಾರ ನೋಡಿದ. ಹದಿನಾರಕ್ಕೆ ತಮ್ಮ ಎರಡೂ ಅಂಗೈಯನ್ನು ಖಾಲಿ ಮೇಜಿನ ಮೇಲಿಟ್ಟ, ಸಾಮಾನು ಅಲ್ಲೇ ಇದೆ ಎಂಬಂತೆ.

“ಮೊದಲು... ಗೇಟು ತೆಗೆದಿತ್ತು. ಮೂರು ಜನ ಹೋದ್ವಿ. ಆಮೇಲೆ ಕಾವಲು ತಾತ ಬಂದ್ರು. ನನ್ನ ಅಂಗಿ ಹಿಡ್ಕೊಂಡ್ರು.” ಕೈ ಸ್ವಲ್ಪ ಮುಂದೆ ಸರಿಯಿತು. “ನಾನು ತಳ್ಳಿದೆ.”

ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. ಇಲ್ಲ ಮೇಡಂ, ಅವನಿಗೆ ಹೇಳೋಕೆ ಬರಲ್ಲ, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಮಾತಿನ ಮೇಡಂ ಮಡಿಲ ಮೇಲಿನ ಒಂದು ಬೆರಳನ್ನು ಮೆಲ್ಲಗೆ ಎತ್ತಿದರು. ಹಸಿ ಇದೆ, ಮುಟ್ಟಬೇಡ. ಹಲ್ಲು ಕಚ್ಚಿ ಕೂತೆ. ಮತ್ತೆ ಒಂದರಿಂದ ಎಣಿಸಿದೆ.

“ತಾತ ಬಿದ್ರು. ಕೈ ಲಟಕ್ ಅಂತು. ಅವರಿಬ್ರು ಓಡಿದ್ರು. ನಾನೂ ಓಡಿದೆ, ಗೇಟಿನ ತನಕ. ಆಮೇಲೆ ವಾಪಸ್ ಬಂದೆ. ತಾತನ ಕನ್ನಡಕ ಬಿದ್ದಿತ್ತು, ಎತ್ಕೊಟ್ಟೆ. ಹೇಳ್ಬೇಕಿತ್ತು. ಬಾಯಿಗೆ ಬರ್ಲಿಲ್ಲ. ಅದಕ್ಕೆ ಅಲ್ಲೇ ಕೂತ್ಕೊಂಡೆ. ಪೊಲೀಸ್ ಬರೋ ತನಕ.”

ಅಧ್ಯಕ್ಷೆ ಕಡತ ತಿರುವಿದರು. “ಇಲ್ಲಿ ‘ಸ್ಥಳದಲ್ಲೇ ಸಿಕ್ಕಿಬಿದ್ದ’ ಅಂತಿದೆ.”

ಅವರು ಪೆನ್ನೆತ್ತಿ ಆ ಸಾಲಿನ ಪಕ್ಕ ಒಂದು ಗುರುತು ಹಾಕಿದರು.

“ಏನು ಹೇಳ್ಬೇಕಿತ್ತು ನೀನು?”

“ತಪ್ಪಾಯ್ತು ಅಂತ.”

ಅವರು ಪಕ್ಕದವರ ಜೊತೆ ತಲೆ ಕೂಡಿಸಿ ಮಾತಾಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಒಂದೇ ಉಸಿರಿಗೆ ಓದಿದರು: “ಪೋಷಕರ ಮುಚ್ಚಳಿಕೆಯ ಮೇರೆಗೆ, ನಿಗದಿತ ಅವಧಿಯವರೆಗೆ ಸಹೋದರನೊಡನೆ ಪರಿವೀಕ್ಷಣಾಧಿಕಾರಿಯ ಮುಂದೆ ಕಾಲಕಾಲಕ್ಕೆ ಹಾಜರಾಗುವ ಹಾಗೂ ಸಹ ಆರೋಪಿಗಳ ಸಂಪರ್ಕದಿಂದ ದೂರವಿರುವ ಷರತ್ತುಗಳಿಗೆ ಒಳಪಟ್ಟು, ತಪ್ಪಿದಲ್ಲಿ ಈ ಆದೇಶ ರದ್ದಾಗತಕ್ಕದ್ದೆಂಬ ಎಚ್ಚರಿಕೆಯೊಡನೆ, ಬಿಡುಗಡೆ ಮಾಡಲಾಗಿದೆ. ಒಪ್ಪಿಗೆಯೇ?”

ಬಿಡುಗಡೆ ಎಂಬುದೊಂದೇ ನನ್ನ ಕಿವಿಗೆ ಬಿದ್ದಿದ್ದು. “ಹೂಂ ಮೇಡಂ, ಹೂಂ” ಎಂದು ಕೋಲೆಬಸವನಂತೆ ತಲೆಯಾಡಿಸಿದೆ.

ತಮ್ಮ ಆಡಿಸಲಿಲ್ಲ. ಕುತ್ತಿಗೆಯ ನರ ಉಬ್ಬಿತು.

“ಅರ್ಥ... ಆಗ್ಲಿಲ್ಲ” ಎಂದ. “ಸಣ್ಣದಾಗಿ ಹೇಳಿ. ಒಂದೊಂದೇ.”

ಗಡಿಯಾರ ನೋಡಿದ ಸದಸ್ಯ ಮೂಗಿನಲ್ಲಿ ನಕ್ಕ. ನನ್ನ ಮುಷ್ಟಿ ಬಿಗಿಯಿತು. ತಮ್ಮ ಮಾತ್ರ ಕಣ್ಣು ತಗ್ಗಿಸಲಿಲ್ಲ. ನಗು ಮುಗಿಯಲಿ ಎಂದು ಕಾದ. ಅದು ಮುಗಿಯಿತು.

ಅಧ್ಯಕ್ಷೆ ಹಾಳೆ ಪಕ್ಕಕ್ಕಿಟ್ಟು ಬೆರಳು ಮಡಚಿದರು. “ಒಂದು. ಅಮ್ಮ ನಿನ್ನ ಜವಾಬ್ದಾರಿ ಹೊತ್ತು ಸಹಿ ಹಾಕ್ಬೇಕು. ಎರಡು. ಆ ಇಬ್ಬರ ಸಹವಾಸ ಬೇಡ. ಮೂರು. ಆರು ತಿಂಗಳು, ಪ್ರತಿ ಶನಿವಾರ ಹನ್ನೊಂದಕ್ಕೆ ಅಧಿಕಾರಿ ಹತ್ರ ಹೋಗ್ಬೇಕು, ಅಣ್ಣನ ಜೊತೆ. ನಾಲ್ಕು. ತಪ್ಪಿಸಿದ್ರೆ ವಾಪಸ್ ಇಲ್ಲಿಗೇ.”

ಅವನು ನಾಲ್ಕನ್ನೂ ಬೆರಳು ಮಡಚಿ ತಿರುಗಿ ಹೇಳಿದ. ಮೂರಕ್ಕೆ ತಡೆದ, ಅವರು ಕಾದರು, ಅವನು ಮುಗಿಸಿದ. ಆಮೇಲೆ ನನ್ನತ್ತ ತಿರುಗಿದ.

“ಅಣ್ಣ, ನಿಂಗೆ ಅರ್ಥ ಆಯ್ತಾ?”

ಶನಿವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾಲೀಕರು ನನ್ನ ಚರ್ಮ ಸುಲಿಯುತ್ತಾರೆ. ಅವನು ಅವಸರ ಮಾಡಲಿಲ್ಲ. ಅವನ ತುಟಿ ಮೆಲ್ಲಗೆ ಆಡುತ್ತಿತ್ತು. ಎಣಿಸುತ್ತಿದ್ದ.

“ಆ ಮೂರನೇದು,” ಎಂದೆ, “ಇನ್ನೊಂದ್ಸಲ ಹೇಳಪ್ಪಾ.”