ಪಕ್ಕದವರ ಸಾಲು

ಆ ವರದಿ ಬಂದಾಗ ಮೊದಲು ನಕ್ಕವನು ನಮ್ಮ ಮುಖ್ಯಸ್ಥ ಕೌಕೊ.

"ಆಸ್ಪತ್ರೆಯವರು ಬರೆದಿದಾರೆ ನೋಡ್ರಪ್ಪಾ. ರೋಗಿ ಹೆಸರು ಕೊಟ್ಟು ಕೇಳಿದ್ರೆ ಒಂದೊಂದ್ಸಲ ಪಕ್ಕದ ರೋಗಿ ವಿವರದ ಸಾಲು ಬರುತ್ತಂತೆ. ಮತ್ತೆ ಕೇಳಿದ್ರೆ ಸರಿಯಾಗೇ ಬರುತ್ತಂತೆ. ಕನ್ನಡಕ ಬದಲಾಯಿಸ್ಕೊಳ್ಳಿ ಅಂತ ಬರೀಲಾ?"

ಐಲಾ ನಗಲಿಲ್ಲ. ಬಾಯಲ್ಲಿದ್ದ ರೈ ರೊಟ್ಟಿ ಅಗಿಯುವುದನ್ನೂ ನಿಲ್ಲಿಸಿದಳು. ಟಾಂಪೆರೆ ಊರಿನ ಹಳೆಯ ಹತ್ತಿ ಗಿರಣಿಯಲ್ಲಿ ಕೂತು ನಾವು ಕಟ್ಟುತ್ತಿದ್ದ ಡೇಟಾಬೇಸ್ ಸರ್ವರಿನ ತಿರುಳನ್ನು ಬರೆದವಳು ಅವಳೇ. ಸರ್ವರ್ ಕುಸಿದು ಬಿದ್ದರೆ ಅವಳಿಗೆ ಹೆದರಿಕೆಯಿಲ್ಲ. "ಬಿದ್ದದ್ದು ಕಣ್ಣಿಗೆ ಕಾಣುತ್ತೆ ಕಣೋ" ಎನ್ನುತ್ತಿದ್ದಳು. ಇದು ಬೀಳುತ್ತಿರಲಿಲ್ಲ. ತಣ್ಣಗೆ ನಿಂತು ಸುಳ್ಳು ಹೇಳುತ್ತಿತ್ತು.

"ಸಾಲಲ್ಲಿ ಏನಿರುತ್ತೆ?" ಎಂದಳು.

"ಯಾರಿಗೆ ಯಾವ ಔಷಧಿ ಆಗಲ್ಲ ಅನ್ನೋದು."

ಕೌಕೊನ ನಗುವೂ ಅಲ್ಲಿಗೆ ನಿಂತಿತು.

ಸುಳ್ಳು ರೋಗಿಗಳ ಹೆಸರು ತುಂಬಿ ಪರೀಕ್ಷೆಗೆ ಕೂತೆವು. ಬೆಳಗಿನಿಂದ ಎಲ್ಲ ಸರಿಯಾಗಿತ್ತು. ಆಮೇಲೆ ಒಮ್ಮೆ, ಪೆನಿಸಿಲಿನ್ ಆಗದವನೊಬ್ಬನ ಹೆಸರಿನೆದುರು 'ಏನೂ ತೊಂದರೆಯಿಲ್ಲ' ಎಂದು ಬಂತು. ಎಲ್ಲಿ ತಪ್ಪುತ್ತದೆಂದು ತಿಳಿಯಲು ಪ್ರತಿ ಹೆಜ್ಜೆಯನ್ನೂ ವರದಿ ಮಾಡುವ ಸಾಲುಗಳನ್ನು ಐಲಾ ಕೋಡಿಗೆ ಸೇರಿಸಿದಳು. ದೋಷ ಮಾಯ. ತೆಗೆದಳು. ಮತ್ತೆ ಬಂತು.

"ನಾವು ನೋಡ್ತಿರೋದು ಅದಕ್ಕೆ ಗೊತ್ತಾಗುತ್ತೇನೋ" ಎಂದೆ, ತಮಾಷೆಗೆ.

ಐಲಾ ಫೋನ್ ಎತ್ತಿಕೊಂಡಳು. ಕೌಕೊ ಕೈ ಅಡ್ಡ ಹಿಡಿದ. "ತಡಿ ಮಾರಾಯ್ತಿ. ಕಾರಣಾನೇ ಸಿಕ್ಕಿಲ್ಲ, ಏನಂತ ಹೇಳ್ತೀಯ? ಸುಮ್ನೆ ಗಾಬರಿ ಆಗ್ತಾರೆ."

"ಆಗ್ಲಿ ಬಿಡು. ನನಗಾಗಿದೆಯಲ್ಲ."

ಆಸ್ಪತ್ರೆಯ ಔಷಧಿ ವಿಭಾಗದ ಮಾರ್ಕೆಟ್ಟ ಎಂಬಾಕೆ ಫೋನ್ ತೆಗೆದುಕೊಂಡಳು. ಪರದೆಯನ್ನು ನಂಬಬೇಡಿ, ಪ್ರತಿಯೊಬ್ಬ ರೋಗಿಯನ್ನೂ ಬಾಯಿಬಿಟ್ಟು ಕೇಳಿ ಎಂದು ಐಲಾ ಹೇಳಿದಳು.

"ಇದು ಯಾವಾಗಿಂದ ಹೀಗಿದೆ?" ಎಂದಳು ಮಾರ್ಕೆಟ್ಟ.

"ಗೊತ್ತಿಲ್ಲ" ಎಂದಳು ಐಲಾ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಮತ್ತೆ ಕೋಡ್ ಮುಂದೆ ಕೂತೆವು. ರೋಗಿಗಳ ಸಾಲುಗಳನ್ನಿಡುವ ಒಂದು ಪುಟ ತುಂಬಿದಾಗ ಸರ್ವರ್ ಅದರ ಅರ್ಧ ಸಾಲುಗಳನ್ನು ಹೊಸ ಪುಟಕ್ಕೆ ಸಾಗಿಸುತ್ತದೆ. ಆ ಕೆಲಸದ ಪ್ರತಿ ಹೆಜ್ಜೆಯಲ್ಲೂ ಬೇಕೆಂದೇ ಸರ್ವರನ್ನು ತಡೆದು ನಿಲ್ಲಿಸುತ್ತಾ ಹೋದೆವು. ಒಂದು ಕಡೆ ನಿಲ್ಲಿಸಿದಾಗ ತಪ್ಪು ಸಾಲು ಬಂತು. ಮತ್ತೆ ಓಡಿಸಿದೆವು, ಮತ್ತೆ ಬಂತು. ಸಾಲು ಹೋದ ಹೊಸ ಜಾಗವನ್ನು ಬರೆದುಕೊಳ್ಳುವ ಮೊದಲೇ, ಯಾರೂ ಓದದಂತೆ ಪುಟಕ್ಕೆ ಹಾಕಿದ್ದ ಬೀಗವನ್ನು ಸರ್ವರ್ ತೆಗೆಯುತ್ತಿತ್ತು. ಆ ಕಣ್ಣೆವೆ ಮುಚ್ಚುವಷ್ಟು ಹೊತ್ತಿನಲ್ಲಿ ಓದಲು ಬಂದವರಿಗೆ ಹಳೆಯ ಜಾಗದಲ್ಲಿ ಕೂತಿದ್ದ ಬೇರೆಯವರು ಸಿಗುತ್ತಿದ್ದರು. ವರದಿಯ ಸಾಲುಗಳು ಕೆಲಸವನ್ನು ನಿಧಾನ ಮಾಡಿದಾಗ ಆ ಕ್ಷಣ ತಪ್ಪಿಹೋಗುತ್ತಿತ್ತು. ಐಲಾ ಕೋಡಿನ ಎರಡು ಸಾಲುಗಳನ್ನು ಹಿಂದುಮುಂದು ಮಾಡಿದಳು.

"ಇಷ್ಟೇನಾ?" ಎಂದ ಕೌಕೊ.

"ಇಷ್ಟೇ" ಎಂದು ಅವಳು ಮುಖ ಮುಚ್ಚಿಕೊಂಡಳು.

ಮರುದಿನ ಮಾರ್ಕೆಟ್ಟಳೇ ಫೋನ್ ಮಾಡಿದಳು. ಶಸ್ತ್ರಚಿಕಿತ್ಸೆಗೆ ಸಿದ್ಧಳಾಗಿದ್ದ ಅಜ್ಜಿಯೊಬ್ಬಳನ್ನು ಕೇಳಿದರಂತೆ. "ಪೆನಿಸಿಲಿನ್ನಾ? ಕೊಟ್ಟು ನೋಡು, ನಾಳೆ ನನ್ನ ಮಣ್ಣಿಗೆ ಬರುವಿಯಂತೆ" ಎಂದಳಂತೆ ಅಜ್ಜಿ. ಅವಳ ಸಾಲಿನಲ್ಲಿ ತೊಂದರೆಯಿಲ್ಲ ಎಂದಿತ್ತು. ಹಿಂದೆ ಯಾರೋ ಅವಳ ಮನೆ ವಿಳಾಸ ತಿದ್ದುವಾಗ ಪಕ್ಕದವರ ಸಾಲು ಬಂದು, ಅದನ್ನೇ ಉಳಿಸಿಬಿಟ್ಟಿದ್ದರು.

"ಇನ್ನೊಂದು ಹೇಳ್ಬೇಕು" ಎಂದಳು ಮಾರ್ಕೆಟ್ಟ. "ಎಲೆ ಉದುರೋ ಕಾಲದಲ್ಲಿ ಒಬ್ರು ಆಪರೇಷನ್ ಮೇಜಿನ ಮೇಲೇ ಹೋಗ್ಬಿಟ್ರು. ಅವರಿಗೆ ಏನೇನು ಕೊಟ್ಟಿದ್ರು ಅಂತ ಡಾಕ್ಟ್ರು ನೋಡ್ತಿದಾರೆ."

ಆ ವಾರ ಐಲಾ ಊಟ ಮಾಡಿದ್ದನ್ನು ನಾನು ಕಾಣೆ. ಫೋನ್ ಸದ್ದಾದರೆ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಕೊನೆಗೆ ಉತ್ತರ ಬಂತು: ಆತನಿಗೆ ಆಗದ ಔಷಧಿ ಯಾವುದೂ ಇರಲಿಲ್ಲ, ಹೃದಯವೇ ನಿಂತಿತ್ತು. ಐಲಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದಿನಲ್ಲೂ ಅವಳ ಅಳು ಕೇಳುತ್ತಿತ್ತು.

ಹೊರಬಂದು ನನ್ನ ಕುರ್ಚಿಯನ್ನು ತನ್ನ ಮೇಜಿನ ಬಳಿ ಎಳೆದಳು. "ಕೂತ್ಕೋ. ನಾನು ಬರೆದ ಕೋಡ್ ಇನ್ನೂ ಬೇಕಾದಷ್ಟಿದೆ. ಒಬ್ಳೇ ಓದೋಕೆ ಧೈರ್ಯ ಇಲ್ಲ ಕಣೋ."

ಮೊದಲ ಪುಟದಿಂದ ಓದತೊಡಗಿದೆವು.