ಏಳೂವರೆಯ ಹೆಬ್ಬೆರಳು

ಚೋಮಿಯ ಕೈಗಳು ಚೋಮಿಗಿಂತ ಒಂದೂವರೆ ಗಂಟೆ ತಡವಾಗಿ ಏಳುತ್ತಿದ್ದವು.

ಅವಳು ಐದಕ್ಕೇ ಎದ್ದು ಕೂರುತ್ತಿದ್ದಳು. ಕೈಗಳು ಮಡಿಲಲ್ಲಿ ಬಿದ್ದಿರುತ್ತಿದ್ದವು, ಯಾರೋ ಮರೆತು ಹೋದ ಸಾಮಾನಿನ ಹಾಗೆ. ಗೆಣ್ಣುಗಳು ಊದಿ ಬಿಸಿಯಾಗಿರುತ್ತಿದ್ದವು, ಬೆರಳುಗಳು ಅರ್ಧ ಮಡಚಿಕೊಂಡಿರುತ್ತಿದ್ದವು. ಅದಕ್ಕೆ ರುಮಟಾಯ್ಡ್ ಸಂಧಿವಾತ ಎಂದು ಮಡಿಕೇರಿಯ ಡಾಕ್ಟರು ಹೆಸರು ಹೇಳಿದ್ದರು. ವಯಸ್ಸಿಗೆ ಬರುವ ಕೀಲುನೋವಲ್ಲ, ಮೈ ತನ್ನ ಮೇಲೆ ತಾನೇ ತಿರುಗಿ ಬೀಳುವ ಕಾಯಿಲೆ. ವಾರಕ್ಕೊಮ್ಮೆ ನುಂಗುವ ಮಾತ್ರೆಯ ಜೊತೆ ಎರಡು ಹಾಳೆ ಕೊಟ್ಟಿದ್ದರು. ಒಂದು ಊಟದ್ದು, ಇನ್ನೊಂದು ವ್ಯಾಯಾಮದ್ದು. ಮಾತ್ರೆ ಬಿಡಬೇಡ, ಈ ಹಾಳೆಗಳನ್ನೂ ಬಿಡಬೇಡ ಎಂದಿದ್ದರು.

ಎರಡನ್ನೂ ಎಸ್ಟೇಟ್ ಕೊಟ್ಟ ಲೈನ್ ಮನೆಯ ಗೋಡೆಗೆ ಅಂಟಿಸಿದವಳು ಮಗಳು ಶೋಭಿತಾ. ಎರಡನೇ ಪಿಯುಸಿ, ಮಾರ್ಚ್‌ನಲ್ಲಿ ಪರೀಕ್ಷೆ. ಬೆಳಗ್ಗೆ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟು, ಪಾಠ ಒಪ್ಪಿಸಿಕೊಳ್ಳುವ ಟೀಚರಿನಂತೆ ಎದುರು ಕೂರುತ್ತಿದ್ದಳು.

"ಹೆಬ್ಬೆರಳಿಗೆ ತೋರುಬೆರಳು ಮುಟ್ಸು. ಈಗ ನಡುಬೆರಳು. ಒತ್ಬೇಡ ಅವ್ವ, ಬರೀ ಮುಟ್ಸು."

"ಬೆಳಗಿಂದ ಸಂಜೆ ತನಕ ಕಾಫಿ ಕುಯ್ತೀನಲ್ಲೇ. ಅದಕ್ಕಿಂತ ವ್ಯಾಯಾಮ ಬೇಕಾ?"

"ಅದು ಕೆಲಸ."

"ಎರಡಕ್ಕೂ ಆಡೋದು ಇದೇ ಬೆರಳು."

"ಇದ್ರಲ್ಲಿ ನೋವಾಗೋಕೆ ಮುಂಚೆ ನಿಲ್ಲಿಸ್ಬೋದು," ಎಂದಳು ಶೋಭಿತಾ.

ಚೋಮಿ ಕಿರುಬೆರಳನ್ನು ಹೆಬ್ಬೆರಳ ಕಡೆಗೆ ಕಳಿಸಿದಳು. ಅದು ಅರ್ಧ ದಾರಿಯಲ್ಲಿ ನಿಂತಿತು.

ಕರಿಕಾಪಿಯಿಂದ ಸಕ್ಕರೆ ಹೋಯಿತು. ಪಾಲಿಬೆಟ್ಟದ ಬೇಕರಿಯ ಬನ್ನು ಹೋಯಿತು. ರಾಗಿ, ಹುರುಳಿ, ನುಗ್ಗೆಸೊಪ್ಪು ಬಂದವು. ಮೀನಿನವನ ಸ್ಕೂಟರ್ ಬಂದ ದಿನ ಮತ್ತಿ ಮೀನು, ಅದೂ ಹುರಿಯದೆ, ಸಾರು ಮಾತ್ರ. ಪಕ್ಕದ ಮನೆಯ ಕಮಲ ಬಾಗಿಲಿಗೆ ಒರಗಿ ನಗುತ್ತಿದ್ದಳು. "ಏನಕ್ಕಾ, ದೊರೆಸಾನಿ ಊಟ ಆಯ್ತಾ? ಇನ್ನೊಂದು ವಾಕಿಂಗ್ ಬೂಟು ಕಮ್ಮಿ ನಿಂಗೆ."

ಆದರೂ ಪ್ರಯೋಜನವಿತ್ತು. ಮಳೆಗಾಲದಲ್ಲಿ ಒಂಬತ್ತಾದರೂ ಬಿಗಿ ಬಿಡದಿದ್ದ ಬೆರಳುಗಳು ಡಿಸೆಂಬರ್ ಹೊತ್ತಿಗೆ ಆರೂವರೆಗೇ ಬಿಡತೊಡಗಿದವು. ಏಳೂವರೆಗೆ ಹಾಜರಿ. ನಡುವಿನ ಒಂದು ಗಂಟೆಯೂ ಅವಳಿಗೆ ಬೇಕಿತ್ತು.

ಯಾಕೆಂದರೆ ಆ ವರ್ಷ ಎಸ್ಟೇಟಿಗೆ ಹಾಜರಿ ಹಾಕುವ ಹೆಬ್ಬೆರಳಿನ ಯಂತ್ರ ಬಂದಿತ್ತು. ಬಿಸಿನೀರಿನಿಂದ ತೆಗೆದ ಬೆರಳು ಸುಕ್ಕುಗಟ್ಟಿರುತ್ತದೆ. ಸುಕ್ಕು ಹೋಗುವ ತನಕ ಯಂತ್ರ ಅದನ್ನು ಒಪ್ಪದು. ನವೆಂಬರಿನಲ್ಲಿ ಎರಡು ಸಲ ಹಾಗಾಗಿತ್ತು. ಎರಡು ಸಲವೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮೇಂದ್ರ ಅವಳ ಹೆಸರನ್ನು ಕೈಯಲ್ಲಿ ಬರೆದಿದ್ದ, ಮ್ಯಾನೇಜರರಿಂದ ಬೈಸಿಕೊಂಡಿದ್ದ. ಮೂರನೇ ಸಲ ಆಗುವುದಿಲ್ಲ ಎಂದು ಮೊದಲೇ ಹೇಳಿಟ್ಟಿದ್ದ. ಲೈನಿನ ಕಾನೂನು ಸರಳ: ಮನೆಗೊಂದು ಹೆಬ್ಬೆರಳು. ಅದು ಬೀಳದಿದ್ದರೆ ಮನೆ ಬೇರೆಯವರಿಗೆ. ಗಂಡ ಸತ್ತ ಮೇಲೆ ಆ ಮನೆಯ ಹೆಬ್ಬೆರಳು ಚೋಮಿಯದು. ಮಾರ್ಚ್ ದಾಟಿದರೆ ಸಾಕು ಎಂದು ಅವಳು ದಿನ ತಳ್ಳುತ್ತಿದ್ದಳು.

ಜನವರಿಯ ಒಂದು ಬೆಳಗ್ಗೆ ಆರೂಕಾಲಿಗೇ ಗಂಟೆ ಹೊಡೆಯಿತು.

ಚೋಮಿಯ ಕೈ ಬೋಗುಣಿಯಲ್ಲಿತ್ತು. ಹೊರಗೆ ಮೇಸ್ತ್ರಿ ಕೂಗಿಕೊಂಡು ಹೋದ. ಮಳೆ ಬರುತ್ತದಂತೆ, ಹಣ್ಣು ಉದುರುತ್ತದೆ, ಇವತ್ತು ಎಲ್ಲರೂ ಆರೂವರೆಗೆ. ಶೋಭಿತಾ ಅವ್ವನ ಕೈ ಎಳೆದು ಟವೆಲಿನಲ್ಲಿ ಒರೆಸಿದಳು, ಊದಿದಳು, ಒಲೆಯ ಹತ್ತಿರ ಹಿಡಿದಳು. ಬೆರಳ ತುದಿಗಳು ಬೆಳ್ಳಗೆ ಮಡಿಕೆ ಬಿದ್ದಿದ್ದವು, ನೀರಲ್ಲಿ ನೆನೆದ ಕಾಳಿನ ಸಿಪ್ಪೆಯಂತೆ. ಇಬ್ಬರೂ ಕತ್ತಲ ಇಳಿಜಾರಿನಲ್ಲಿ ಆಫೀಸಿಗೆ ಓಡಿದರು. ಚೋಮಿಯ ಮಂಡಿಗಳಿಗೂ ಇನ್ನೂ ಬೆಳಗಾಗಿರಲಿಲ್ಲ.

ಅವಳು ಹೆಬ್ಬೆರಳಿಟ್ಟಳು. ಯಂತ್ರದೊಳಗಿನ ಹೆಂಗಸು ಇಂಗ್ಲಿಷಿನಲ್ಲಿ, ಮತ್ತೊಮ್ಮೆ ಇಡಿ ಎಂದಳು. ಸೀರೆಗೆ ಒರೆಸಿ ಮತ್ತೆ ಇಟ್ಟಳು. ಮತ್ತೊಮ್ಮೆ ಇಡಿ. ಹಿಂದೆ ನಿಂತವರು ಟ್ರ್ಯಾಕ್ಟರ್ ಹತ್ತುವ ಆತುರದಲ್ಲಿ ಕೆಮ್ಮಿದರು.

"ಚೋಮಕ್ಕ, ಇವತ್ತೂ ಬಿಸಿನೀರಾ?" ಎಂದ ಧರ್ಮೇಂದ್ರ.

"ಗಂಟೆ ಹೊಡೆದಾಗ ಕೈ ನೀರಲ್ಲೇ ಇತ್ತು ರೈಟ್ರೇ. ಒಂದರ್ಧ ಗಂಟೆ ಬಿಡಿ, ಒಣಗ್ತದೆ."

"ಸಾಹೇಬ್ರು ಹಾಜರಿ ಫೋನಲ್ಲಿ ನೋಡ್ತಾ ಕೂತಿರ್ತಾರೆ. ತಡ ಯಾಕೆ ಅಂದ್ರೆ ನಾನೆಂತ ಹೇಳ್ಲಿ? ಕಾಯಿಲೆ ಅಂತ ಬರೆದ್ರೆ ನಾಳೆಯೇ ಕೆಲ್ಸಕ್ಕೆ ಆಗಲ್ಲ ಅಂತಾರೆ. ಮನೆಗೆ ಮೂರು ಕುಟುಂಬ ಕಾಯ್ತಾ ಇದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ನೋಟ ಅವಳ ಹೆಗಲು ದಾಟಿ ಶೋಭಿತಾಳ ಮೇಲೆ ನಿಂತಿತು. "ಇವಳಿಗೆ ಹದಿನೆಂಟು ಆಯ್ತಲ್ಲ?"

"ಇಲ್ಲ ರೈಟ್ರೇ, ಇನ್ನೂ ಆಗಿಲ್ಲ," ಎಂದಳು ಚೋಮಿ.

"ಆಯ್ತು," ಎಂದಳು ಶೋಭಿತಾ. "ಡಿಸೆಂಬರಲ್ಲಿ."

ಚೋಮಿ ಮಗಳ ಮಣಿಕಟ್ಟು ಹಿಡಿಯಲು ಹೋದಳು. ಬೆರಳುಗಳು ಮುಚ್ಚಲಿಲ್ಲ. ಮಣಿಕಟ್ಟು ಸುಲಭವಾಗಿ ಜಾರಿತು.

"ಪರೀಕ್ಷೆ ಹೊತ್ತಿಗೆ ನಿನ್ನ ಹೆಸರು ವಾಪಸ್ ಹಾಕ್ಸಿದ್ರಾಯ್ತು ಅವ್ವ. ಹೆಂಗೂ ರಾತ್ರಿ ಓದ್ತೀನಲ್ಲ."

ಅವ್ವನ ಹೆಸರಿನ ಜಾಗಕ್ಕೆ ಹೊಸ ಹೆಸರು ಸೇರಿಸಲು ಮೂರು ನಿಮಿಷ ಹಿಡಿಯಿತು. ಯಂತ್ರದ ಹೆಂಗಸು ಶೋಭಿತಾಳಿಗೆ ಒಂದೇ ಸಲಕ್ಕೆ ಥ್ಯಾಂಕ್ಯೂ ಎಂದಳು.

ಆಮೇಲೆ ಚೋಮಿಗೆ ಸಮಯವೇ ಸಮಯ. ಹಾಳೆಯಲ್ಲಿದ್ದ ಪ್ರತಿಯೊಂದನ್ನೂ ನೋವಾಗುವ ಮುಂಚೆ ನಿಲ್ಲಿಸಿ, ದಿನಕ್ಕೆ ಮೂರು ಸಲ ಮಾಡಿದಳು. ಲೈನಿನ ಮುಂದಿನ ದಾರಿಯಲ್ಲಿ ನಿಧಾನ ನಡೆದಳು. ಹುರುಳಿ ತಿಂದಳು, ಸೊಪ್ಪು ತಿಂದಳು, ಭಾನುವಾರದ ಮಾತ್ರೆ ತಪ್ಪಿಸಲಿಲ್ಲ. ಫೆಬ್ರವರಿಯ ಕೊನೆಗೆ ಕಿರುಬೆರಳು ಹೆಬ್ಬೆರಳನ್ನು ಮುಟ್ಟಿತು. ಮುಷ್ಟಿ ಕಟ್ಟಿತು. ಡಾಕ್ಟರು ನೋಡಿದ್ದರೆ ಖುಷಿಪಡುತ್ತಿದ್ದರು.

ಮುಷ್ಟಿ ಕಟ್ಟಿಕೊಂಡೇ ಆಫೀಸಿಗೆ ಹೋದಳು. ಬಿಚ್ಚಿ ತೋರಿಸಿದಳು.

"ನೋಡಿ ರೈಟ್ರೇ. ಒಣಗಿದೆ. ಆಡ್ತದೆ."

ಧರ್ಮೇಂದ್ರ ನೋಡಿದ. ನಿಜವಾಗಿಯೂ ನೋಡಿದ, ಬೆರಳು ಬೆರಳಾಗಿ. "ಕಾಫಿ ಪಿಕಿಂಗ್ ಮುಗಿಯೋ ತನಕ ಹೆಸರು ಬದಲಾಯ್ಸೋ ಹಾಗಿಲ್ಲ ಚೋಮಕ್ಕ. ಏಪ್ರಿಲ್‌ನಲ್ಲಿ ಕೇಳುವ."

"ನಾಡಿದ್ದು ಪರೀಕ್ಷೆ."

"ಗೊತ್ತು," ಎಂದು ಅವನು ಕಿಟಕಿಯ ಕಡೆ ತಿರುಗಿದ.

ಸಂಜೆ ಶೋಭಿತಾ ಬಂದು ಗೋಡೆಗೆ ಒರಗಿ ಕೂತಳು. ಅವಳ ಪುಸ್ತಕಗಳು ಗೋಣಿಚೀಲದ ಕೆಳಗಿದ್ದವು. ಕೊಂಬೆ ಎಳೆದೆಳೆದು ಅಂಗೈ ಸುಲಿದಿತ್ತು, ಬೆರಳ ಸಂದುಗಳಲ್ಲಿ ಹಣ್ಣಿನ ರಸ ಕಪ್ಪಾಗಿ ಅಂಟಿತ್ತು. ಚೋಮಿ ಬಿಸಿನೀರಿನ ಬೋಗುಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ತಂದು ಮುಂದಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ.

"ನಾಳೆ ಹೋಗ್ಬೇಡ. ನಾಡಿದ್ದೂ ಹೋಗ್ಬೇಡ. ಮನೆ ಹೋದ್ರೆ ಹೋಗ್ಲಿ."

"ಹೋದ್ರೆ ಎಲ್ಲಿ ಇರ್ತೀಯ? ಬಸ್‌ಸ್ಟ್ಯಾಂಡಲ್ಲಿ ಕೂತು ಬೆರಳು ಮಡಚ್ತೀಯಾ?" ಶೋಭಿತಾ ನಗಲು ನೋಡಿದಳು. "ಮುಂದಿನ ವರ್ಷ ಬರೀತೀನಿ ಬಿಡು."

"ಕೈ ಇಡು, ತಣ್ಣಗಾಗ್ತದೆ."

ಶೋಭಿತಾ ಬಲಗೈಯನ್ನು ನೀರಿಗಿಳಿಸಿದಳು. ನಾಲ್ಕು ಬೆರಳು ಮುಳುಗಿದವು. ಹೆಬ್ಬೆರಳನ್ನು ಮಾತ್ರ ಬೋಗುಣಿಯ ಅಂಚಿನ ಮೇಲೆ ಹೊರಗೇ ಇಟ್ಟುಕೊಂಡಳು.

"ಅದನ್ನೂ ಇಡೇ."

"ಬೇಡ ಅವ್ವ."

ಬೆಳಗಾಗಲು ಇನ್ನೂ ಹನ್ನೆರಡು ಗಂಟೆ ಇತ್ತು.