ಕೈಗೆ ಸಿಗದ ಗಂಟು

ಮಧ್ಯಾಹ್ನ ಕಾಲುವೆ ಏರಿಯ ಮೇಲೆ ಬುತ್ತಿ ಬಿಚ್ಚಿ ಕೂತಾಗ ಗುರುಲಿಂಗಮ್ಮ ರೊಟ್ಟಿಗೆ ಹಚ್ಚಿದ್ದ ಕೆಂಪು ಚಟ್ನಿಯನ್ನು ಒರೆಸಿ ತೆಗೆದಳು. ಗಂಗಾವತಿ ಸುತ್ತಲಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ನಾಲಿಗೆಯ ಬಲಬದಿಯಲ್ಲಿ ಎರಡು ತಿಂಗಳಿಂದ ಮಾಯದ ಹುಣ್ಣಿತ್ತು. ಊಟವಾದ ಮೇಲೆ ಎಂದಿನಂತೆ ಎಲೆ ಅಡಿಕೆಯ ಜೊತೆ ತಂಬಾಕು ತಿಕ್ಕಿ ದವಡೆಗಿಟ್ಟುಕೊಂಡಳು. ನೋವಿಗೆ ಅದೇ ಮದ್ದೆಂದು ಅವಳ ನಂಬಿಕೆ. ಪಕ್ಕದಲ್ಲಿದ್ದ ಗೆಳತಿ ಚಾಂದಬೀ ಬಿಡಲಿಲ್ಲ. ಉಗುಳಿಸಿ, ಬಾಯಿ ತೆರೆಸಿ ನೋಡಿದಳು. ಮರುದಿನ ಕೂಲಿ ಬಿಟ್ಟು ಇಬ್ಬರೂ ಆಸ್ಪತ್ರೆಗೆ ಹೋದರು.

ಹುಣ್ಣಿನ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಉಜ್ಮಾ, ನಾಲಿಗೆಯ ಹುಣ್ಣಿನ ಜೊತೆಗೆ ಕುತ್ತಿಗೆಯೊಳಗೆ ಎಲ್ಲರಿಗೂ ಇರುವ ಸಣ್ಣ ದುಗ್ಧರಸ ಗಂಟುಗಳನ್ನೂ ತೆಗೆಯಬೇಕೆಂದರು. ಗಂಡ ಕರಿಬಸಪ್ಪ ಒಪ್ಪಲಿಲ್ಲ.

“ಹುಣ್ಣು ನಾಲಿಗ್ಯಾಗ ಐತ್ರಿ. ಕುತ್ತಿಗಿ ಮುಟ್ಟಿ ನೋಡಿದ್ರ ಕೈಗೇನೂ ಹತ್ತಂಗಿಲ್ಲ. ಚಾಕು ಮುಟ್ಟಿದ್ರ ರೋಗ ಹಬ್ಬತೈತಿ ಅಂತಾರ್ರಿ.”

“ಚಾಕುಲೆ ಹಬ್ಬಂಗಿಲ್ರಿ, ತಡಾ ಮಾಡಿದ್ರ ಹಬ್ಬತೈತಿ,” ಎಂದರು ಡಾಕ್ಟರು. “ಹುಣ್ಣು ಆಳಕ್ಕಿಳದೈತಿ. ಇಂಥಾದ್ದು ಮೊದ್ಲು ಹೋಗಿ ಕೂಡೋದ ಕುತ್ತಿಗಿ ಗಂಟಿನಾಗ. ಸಾಸಿವಿಯಷ್ಟಿದ್ರ ಕೈಗೂ ಸಿಗಂಗಿಲ್ಲ, ಸ್ಕ್ಯಾನಿಗೂ ಸಿಗಂಗಿಲ್ಲ.”

ಗುರುಲಿಂಗಮ್ಮ ಕೇಳಿದ್ದು ತನ್ನ ಬಲಗೈಯ ಬಗ್ಗೆ ಮಾತ್ರ. ಅದು ಸಸಿ ಹಚ್ಚುವ ಕೈ. ಡಾಕ್ಟರು ಮುಚ್ಚಿಡಲಿಲ್ಲ. ಕುತ್ತಿಗೆಯಲ್ಲಿ ಹಾದುಹೋಗುವ ಭುಜದ ನರ ಉಳಿಸುತ್ತೇವೆ, ಆದರೂ ಕೆಲವು ತಿಂಗಳು ಕೈ ಎತ್ತುವುದು ಕಷ್ಟವಾಗಬಹುದು, ವ್ಯಾಯಾಮ ಬಿಡಬಾರದು ಎಂದರು.

ಹೊರಗೆ ಬಂದ ಮೇಲೆ ಕರಿಬಸಪ್ಪ, ನಾಲಿಗೆಯದಷ್ಟೇ ಮಾಡಿಸೋಣ ಎಂದ. ಕೊರಳು ಕೊಯ್ಯಿಸಿಕೊಂಡು ಮಲಗಿದ ಹೆಂಡತಿಯನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ.

“ಕಣ್ಣಿಗೆ ಕಂಡ ಕಸ ಅಷ್ಟ ಕಿತ್ತು ಬದುವಿಗೆ ಬಂದ್ರ, ನಾ ಹೆಣ್ಮಕ್ಕಳನ್ನ ತಿರುಗಿ ಗದ್ದಿಗಿಳಸ್ತೀನಿ,” ಎಂದಳು ಗುರುಲಿಂಗಮ್ಮ. “ಕುತ್ತಿಗಿ ನಂದು. ಸಹಿ ನಾನ ಮಾಡ್ತೀನಿ.”

ಮಾಡಿದಳು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಇಪ್ಪತ್ತೆಂಟು ಗಂಟುಗಳಲ್ಲಿ ಎರಡರಲ್ಲಿ ರೋಗ ಸಿಕ್ಕಿತು. ಆಮೇಲೆ ಆರು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಉರಿಯುತ್ತಿತ್ತು; ಅದೂ ಕಳೆಯಿತು. ಮಾತು ತುಸು ತೊದಲಿತಾದರೂ ಅವಳು ಮಾತು ಕಡಿಮೆ ಮಾಡಲಿಲ್ಲ. ದಿನವೂ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈಯನ್ನು ಗೇಣು ಗೇಣು ಮೇಲೇರಿಸಿದಳು. ತಂಬಾಕು ಮತ್ತೆ ಮುಟ್ಟಲಿಲ್ಲ. ಮುಂದಿನ ನಾಟಿಗೆ ಗದ್ದೆಗಿಳಿದಾಗ ಕೊರಳಿನ ಗೆರೆಯನ್ನು ಸೆರಗಿನಿಂದ ಮುಚ್ಚಿಕೊಳ್ಳಲಿಲ್ಲ.

ಕರಿಬಸಪ್ಪನೂ ಮೂವತ್ತು ವರ್ಷದಿಂದ ತಂಬಾಕು ತಿನ್ನುವವನೇ. ಒಂದು ಬೆಳಗ್ಗೆ ಅವನು ಚಹಾ ಕುಡಿಯದೆ ಅವಳೆದುರು ಬಂದು ಕೂತ.

“ಗಲ್ಲದ ಒಳಗ ಬೆಳ್ಳಗಾಗೈತಿ. ಭಾಳ ದಿನಾ ಆತು. ಒಂಚೂರು ನೋಡು,” ಎಂದು ಬಾಯಿ ತೆರೆದ.

ಗುರುಲಿಂಗಮ್ಮ ಮೊಬೈಲಿನ ಬೆಳಕು ಹಿಡಿದು ನೋಡಿದಳು. ಬೈಯಲಿಲ್ಲ. ಇವತ್ತು ಗುಂಪನ್ನು ನೀನೇ ಕರೆದುಕೊಂಡು ಹೋಗು ಎಂದು ಚಾಂದಬೀಗೆ ಫೋನು ಮಾಡಿದಳು. ಅಷ್ಟರಲ್ಲಿ ಕರಿಬಸಪ್ಪ ಜೇಬಿನಲ್ಲಿದ್ದ ತಂಬಾಕಿನ ಪೊಟ್ಟಣವನ್ನು ಒಲೆಗೆ ಹಾಕಿ ಅಂಗಿ ಬದಲಿಸಿಕೊಂಡ.

“ಅಂಜಬ್ಯಾಡ್ರಿ, ಹುಣ್ಣಾಗೂಕಿಂತ ಮೊದ್ಲ ಹೇಳೀರಿ,” ಎಂದಳು. ಹುಬ್ಬಳ್ಳಿಯ ಎಂಟರ ಬಸ್ಸಿಗೆ ಇಬ್ಬರೂ ಹೊರಟರು.